ಕೆಲಸ, ಕ್ರಿಯೆ, ಕೃತ್ಯ, ಕರ್ಮ: ಕನ್ನಡ ಸತ್ಯವೇದದಲ್ಲಿ ‘ಎರ್ಗೊನ್’

‘ಎರ್ಗೊನ್’ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಸುಮಾರು 170 ಸಲ ಬರುವ ನಾಮಪದ. ಮನುಷ್ಯ ಕೈಯಾರೆ ಮಾಡುವ ದುಡಿಮೆ, ದುಡಿದು ಮುಗಿಸಿದ್ದರ ಫಲ, ಒಬ್ಬನಿಗೆ ವಹಿಸಿಕೊಟ್ಟ ಹೊಣೆ, ಒಳ್ಳೆಯ ನಡತೆ, ಕೆಟ್ಟ ನಡತೆ, ದೇವರ ಸೃಷ್ಟಿ, ಯೇಸು ನಡೆಸಿದ ಅದ್ಭುತ, ಇಷ್ಟೆಲ್ಲವನ್ನೂ ಗ್ರೀಕ್ ಭಾಷೆ ಈ ಒಂದೇ ಮಾತಿನಲ್ಲಿ ಹೇಳಿಬಿಡುತ್ತದೆ. ಇದರ ಬಹುವಚನ ‘ಎರ್ಗ’. ಕ್ರೈಸ್ತ ಮತದ ಇತಿಹಾಸದಲ್ಲಿ ಸಭೆಯನ್ನೇ ಎರಡಾಗಿ ಒಡೆದ ವಾದವೊಂದು ಈ ಮಾತಿನ ಸುತ್ತ ನಡೆದಿದೆ: ಮನುಷ್ಯ ದೇವರಿಗೆ ಒಪ್ಪಿಗೆಯಾಗುವುದು ನಂಬಿಕೆಯಿಂದಲೋ, ‘ಎರ್ಗ’ದಿಂದಲೋ? ಕನ್ನಡದ ಅನುವಾದಕರು ಈ ಒಂದು ಮಾತಿಗೆ ಕನಿಷ್ಠ ಐದಾರು ಮಾತುಗಳನ್ನು ಬಳಸಿದರು. ಎಲ್ಲಿ ಯಾವುದನ್ನು ಬಳಸಿದರು ಎಂಬುದನ್ನು ನೋಡಿದರೆ ಆ ವಾದದಲ್ಲಿ ಅವರ ನಿಲುವೇನಿತ್ತು ಎಂಬುದೂ ತಿಳಿಯುತ್ತದೆ.

ಎರ್ಗೊನ್ ಮೊದಲಿಗೆ ಮಣ್ಣಿನ ಮಾತು. ಬಹಳ ಹಳೆಯ ಗ್ರೀಕಿನಲ್ಲಿ ಅದರ ಮೊದಲಲ್ಲಿ ವಕಾರವಿತ್ತು. ‘ವೆರ್ಗೊನ್’ ಎಂಬಂತೆ ಉಚ್ಚಾರವಾಗುತ್ತಿತ್ತು. ಆ ವಕಾರ ಬಿದ್ದುಹೋಯಿತು. ಇಂಗ್ಲಿಷಿನ ‘ವರ್ಕ್’, ಜರ್ಮನ್ನಿನ ‘ವೆರ್ಕ್’ ಅದೇ ಬುಡದಿಂದ ಬಂದು ವಕಾರವನ್ನು ಇನ್ನೂ ಉಳಿಸಿಕೊಂಡಿವೆ. ಹೋಮರನ ಕಾವ್ಯಗಳಲ್ಲಿ ‘ಎರ್ಗ’ ಎಂದರೆ ಎಷ್ಟೋ ಕಡೆ ಉತ್ತ ಹೊಲಗಳೆಂದೇ ಅರ್ಥ. ಹೆಸಿಯಡ್ ಕವಿಯ ‘ಕೆಲಸಗಳು ಮತ್ತು ದಿನಗಳು’ ಕೃತಿಯಲ್ಲಿ ಕೆಲಸಗಳೆಂದರೆ ಮುಖ್ಯವಾಗಿ ಬಿತ್ತನೆ, ಕೊಯ್ಲು, ಉಳುಮೆ. ಹಳಗನ್ನಡದಲ್ಲಿಯೂ ‘ಗೆಯ್’ ಎಂದರೆ ಮಾಡು, ‘ಗೆಯ್ಮೆ’ ಎಂದರೆ ದುಡಿಮೆ ಮತ್ತು ಬೇಸಾಯ. ಮಾಡುವುದು ಎಂದೊಡನೆ ಹೊಲ ಕಣ್ಣಿಗೆ ಬರುವುದು ಒಕ್ಕಲು ಮಕ್ಕಳ ಭಾಷೆಗಳಿಗೆ ಸಹಜ.

ಈ ಬುಡದ ಚಿಗುರುಗಳು ಚಾರ್ಮಾಡಿ ಘಾಟಿಯ ಕೆಳಗಿನ ಹಳ್ಳಿಗಳಲ್ಲಿಯೂ ಇವೆ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಕೇರಳದ ಸಿರಿಯನ್ ಕ್ರೈಸ್ತ ರೈತ ಕುಟುಂಬಗಳು ಬೆಳ್ತಂಗಡಿ ತಾಲ್ಲೂಕಿನ ಘಟ್ಟದ ಬುಡಕ್ಕೆ ಬಂದು ನೆಲೆಸಿ ರಬ್ಬರು, ಅಡಿಕೆ, ಕಾಳುಮೆಣಸು ಬೆಳೆದವು. ಸೀರೋ ಮಲಬಾರ್ ಸಭೆಯವರಿಗಾಗಿ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತವೇ ಸ್ಥಾಪನೆಯಾಯಿತು. ಆ ಸಮುದಾಯದಲ್ಲಿ ವರ್ಗೀಸ್ ಎಂಬ ಹೆಸರು ಬಹಳ ಸಾಮಾನ್ಯ. ಅದು ಗ್ರೀಕಿನ ‘ಗೆಯೋರ್ಗಿಯೊಸ್’ ಎಂಬ ಹೆಸರು ಸಿರಿಯಾಕ್ ಭಾಷೆಯ ಮೂಲಕ ಮಲಯಾಳಕ್ಕೆ ಇಳಿದು ಬಂದ ರೂಪ. ಜಾರ್ಜ್ ಕೂಡ ಅದೇ. ‘ಗೇ’ ಎಂದರೆ ನೆಲ, ‘ಎರ್ಗೊನ್’ ಎಂದರೆ ಕೆಲಸ. ‘ಗೆಯೋರ್ಗೊಸ್’ ಎಂದರೆ ನೆಲದಲ್ಲಿ ದುಡಿಯುವವನು, ರೈತ. ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ದ್ರಾಕ್ಷಾಬಳ್ಳಿಯ ಮಾತು ಬರುವಾಗ ಯೇಸು ತನ್ನ ತಂದೆಯನ್ನು ಕರೆಯುವುದು ಇದೇ ಪದದಿಂದ. ಚರ್ಚಿನ ಆರಾಧನೆಗೆ ಹೇಳುವ ‘ಲಿಟರ್ಜಿ’ಯಲ್ಲಿಯೂ ಎರ್ಗೊನ್ ಅಡಗಿದೆ. ಅಥೆನ್ಸಿನಲ್ಲಿ ಶ್ರೀಮಂತ ನಾಗರಿಕ ಊರಿನ ಸಲುವಾಗಿ ಸ್ವಂತ ಖರ್ಚಿನಲ್ಲಿ ಮಾಡಿಕೊಡುತ್ತಿದ್ದ ಸಾರ್ವಜನಿಕ ಕೆಲಸ ‘ಲೆಯ್ತೂರ್ಗಿಯ’. ವಿದ್ಯುತ್ ಇಲಾಖೆಯವರು ಹೇಳುವ ‘ಎನರ್ಜಿ’, ಆಸ್ಪತ್ರೆಯಲ್ಲಿ ಕೇಳುವ ‘ಅಲರ್ಜಿ’, ‘ಸರ್ಜನ್’ ಎಲ್ಲವೂ ಇದೇ ಬಳಗದವು.

ಗ್ರೀಕ್ ಮಾತನಾಡುವ ಯೆಹೂದ್ಯರ ಕೈಗೆ ಬಂದಾಗ ಈ ಮಾತಿನ ಹರವು ಬದಲಾಯಿತು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಹೀಬ್ರೂ ಧರ್ಮಗ್ರಂಥದ ಗ್ರೀಕ್ ಅನುವಾದ ಆರಂಭವಾಯಿತು. ಅದಕ್ಕೆ ಸೆಪ್ಟುವಜಿಂಟ್ ಎಂದು ಹೆಸರು. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಸೃಷ್ಟಿಯನ್ನು ಮುಗಿಸಿ ವಿಶ್ರಮಿಸಿದ ಪ್ರಸಂಗದಲ್ಲಿ ಆ ಅನುವಾದಕರು ಬಳಸಿದ್ದು ‘ಎರ್ಗ’. ಹೀಬ್ರೂವಿನ ‘ಮಅಸೆ’ ಎಂಬ ಮಾತಿಗೂ ಅವರು ಸಾಮಾನ್ಯವಾಗಿ ಎರ್ಗೊನ್ ಎಂದೇ ಹಾಕಿದರು. ಹೀಗೆ ಆಕಾಶ ಭೂಮಿಗಳ ಸೃಷ್ಟಿ, ಐಗುಪ್ತದಿಂದ ಜನರನ್ನು ಬಿಡಿಸಿದ್ದು, ಕುಂಬಾರನ ಮಡಕೆ, ರೈತನ ಉಳುಮೆ ಎಲ್ಲ ಒಂದೇ ಪದದಡಿ ಸೇರಿದವು. ದೇವರು ದುಡಿಯುತ್ತಾನೆ, ದುಡಿದು ದಣಿದವನಂತೆ ಏಳನೆಯ ದಿನ ಸುಮ್ಮನಾಗುತ್ತಾನೆ ಎಂಬ ಚಿತ್ರ ಗ್ರೀಕ್ ದಾರ್ಶನಿಕರಿಗೆ ವಿಚಿತ್ರವೆನಿಸುವಂಥದು. ಹೊಸ ಒಡಂಬಡಿಕೆಯ ಲೇಖಕರು ಪಡೆದದ್ದು ಈ ಬೈಬಲಿನ ಎರ್ಗೊನನ್ನು.

ಗ್ರೀಕಿನಲ್ಲಿ ಮಾಡುವುದಕ್ಕೆ ಬೇರೆ ಮಾತುಗಳೂ ಇದ್ದವು. ‘ಪ್ರಾಕ್ಸಿಸ್’ ಎಂದರೆ ನಡೆ, ವರ್ತನೆ, ನೆರವೇರಿಕೆ. ‘ಪೊಯೆಯೊ’ ಎಂಬ ಕ್ರಿಯಾಪದಕ್ಕೆ ಮಾಡು, ರಚಿಸು ಎಂಬ ಅರ್ಥ. ಇಂಗ್ಲಿಷಿನ ‘ಪೊಯೆಟ್’ ಹುಟ್ಟಿದ್ದು ಅಲ್ಲಿಂದ. ಅರಿಸ್ಟಾಟಲ್ ಇವೆರಡರ ನಡುವೆ ಗೆರೆ ಎಳೆದ: ಮನೆ ಕಟ್ಟುವಂಥ ಕೆಲಸದಲ್ಲಿ ಕೊನೆಗೆ ಒಂದು ವಸ್ತು ಉಳಿಯುತ್ತದೆ, ನ್ಯಾಯವಾಗಿ ನಡೆದುಕೊಳ್ಳುವುದರಲ್ಲಿ ನಡೆಯೇ ಗುರಿ. ಹೊಸ ಒಡಂಬಡಿಕೆ ಇಂಥ ತಾತ್ವಿಕ ವಿಂಗಡಣೆಗೆ ಹೋಗುವುದಿಲ್ಲ. ಪ್ರಾಕ್ಸಿಸ್ ಅದರ ಪಠ್ಯದಲ್ಲಿ ಬರುವುದು 6 ಸಲ ಮಾತ್ರ. ಆದರೂ ಅದರ ಖ್ಯಾತಿ ದೊಡ್ಡದು, ಏಕೆಂದರೆ ಲೂಕನು ಬರೆದನೆನ್ನುವ ಎರಡನೆಯ ಗ್ರಂಥದ ತಲೆಬರಹ ‘ಪ್ರಾಕ್ಸೆಯ್ಸ್’. ಆ ತಲೆಬರಹವನ್ನು ಇಟ್ಟವನು ಲೇಖಕನಲ್ಲ. ಎರಡನೆಯ ಶತಮಾನದ ಹೊತ್ತಿಗೆ ಅದು ಗ್ರಂಥಕ್ಕೆ ಅಂಟಿಕೊಂಡಿತು. ವೀರರ, ದೊರೆಗಳ ಸಾಹಸಗಳನ್ನು ಹೇಳುವ ಕಥನಗಳಿಗೆ ಗ್ರೀಕರಲ್ಲಿ ಆ ಹೆಸರು ರೂಢಿಯಲ್ಲಿತ್ತು.

ಸುವಾರ್ತೆಗಳಲ್ಲಿ ಎರ್ಗೊನ್ ಕಾಣಿಸುವ ಬಗೆ ಒಂದೇ ತೆರನಲ್ಲ. ಮತ್ತಾಯನ 5ನೆಯ ಅಧ್ಯಾಯದಲ್ಲಿ ಜನರ ಕಣ್ಣಿಗೆ ಬೀಳಬೇಕಾದ ಒಳ್ಳೆಯ ನಡತೆ ಅದು. ಅದೇ ಮತ್ತಾಯನ 20ರಲ್ಲಿ ಸಂತೆಬೀದಿಯಲ್ಲಿ ಕೆಲಸಕ್ಕಾಗಿ ಕಾಯುವ ಕೂಲಿಯಾಳುಗಳ ಸಾಮ್ಯವಿದೆ. ಆಳುಗಳಿಗೆ ಗ್ರೀಕ್ ಮಾತು ‘ಎರ್ಗಾತೆಸ್’, ಕೆಲಸ ಸಿಗದೆ ನಿಂತವರಿಗೆ ‘ಆರ್ಗೊಸ್’, ಅಂದರೆ ಎರ್ಗೊನ್ ಇಲ್ಲದವನು. 1894ರಲ್ಲಿ ಕಂಡುಹಿಡಿದ ಯಾವುದರೊಡನೆಯೂ ಕೂಡದ ಅನಿಲಕ್ಕೆ ‘ಆರ್ಗಾನ್’ ಎಂದು ಹೆಸರಿಟ್ಟಿದ್ದು ಈ ಮಾತಿನಿಂದಲೇ. ಯೋಹಾನನಲ್ಲಿ ಎರ್ಗೊನ್ ಮೇಲಕ್ಕೇರುತ್ತದೆ. ಕುರುಡನಿಗೆ ಕಣ್ಣು ಬಂದದ್ದು, ಹಾಸಿಗೆ ಹಿಡಿದವನು ಎದ್ದು ನಡೆದದ್ದು ಅಲ್ಲಿ ಬರಿಯ ಪವಾಡಗಳಲ್ಲ, ತಂದೆ ಮಗನಿಗೆ ಒಪ್ಪಿಸಿದ ‘ಎರ್ಗ’. 17ನೆಯ ಅಧ್ಯಾಯದ ಪ್ರಾರ್ಥನೆಯಲ್ಲಿ ಅವೆಲ್ಲ ಸೇರಿ ಏಕವಚನವಾಗುತ್ತವೆ: ಕೊಟ್ಟ ಒಂದು ಕೆಲಸ, ಮುಗಿಸಿದ ಒಂದು ಕೆಲಸ.

ಇಂಥ ಮಾತನ್ನು ಕನ್ನಡಕ್ಕೆ ತರುವ ಪ್ರಯತ್ನ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಳ್ಳಾರಿಯಲ್ಲಿ ಶುರುವಾಯಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ನೆಲೆಸಿದರು. ಕನ್ನಡ ನಿಘಂಟು ರಚಿಸಿದ ವಿಲಿಯಂ ರೀವ್ ಅವರಂಥ ಸಹೋದ್ಯೋಗಿಗಳ ನೆರವಿನಿಂದ 1830ರ ದಶಕದ ಮೊದಲ ವರ್ಷಗಳ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂದಿತು. 1834ರಲ್ಲಿ ಬಾಸೆಲ್ ಮಿಷನ್ನಿನ ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. 1841ರಲ್ಲಿ ಅಲ್ಲಿ ಮುದ್ರಣಾಲಯ ಆರಂಭವಾಯಿತು. ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೊಗ್ಲಿಂಗ್, ಅವರ ಬಂಧು ಗಾಟ್‌ಫ್ರೀಡ್ ವೈಗ್ಲೆ ಈ ಮಿಷನ್ನಿನವರೇ. ಬಳ್ಳಾರಿಯ ಅನುವಾದವನ್ನು ತಿದ್ದಿ ಹದಗೊಳಿಸುವ ಕೆಲಸದ ಬಹುಭಾರವನ್ನು ಹೊತ್ತ ವೈಗ್ಲೆ 1855ರಲ್ಲಿ ತೀರಿಕೊಂಡರು. ತುಳುವಿನಲ್ಲಿ ಮತ್ತಾಯನ ಸುವಾರ್ತೆ 1842ರಲ್ಲಿ, ಹೊಸ ಒಡಂಬಡಿಕೆ 1847ರಲ್ಲಿ ಕನ್ನಡ ಲಿಪಿಯಲ್ಲಿ ಮಂಗಳೂರಿನಲ್ಲಿ ಅಚ್ಚಾದವು. ಕನ್ನಡದ ಪಠ್ಯ ಮತ್ತೆ ಮತ್ತೆ ಪರಿಷ್ಕಾರಗೊಳ್ಳುತ್ತ ಇಪ್ಪತ್ತನೆಯ ಶತಮಾನದಲ್ಲಿ ‘ಸತ್ಯವೇದ’ವೆಂದು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ನೆಲೆಗೊಂಡಿತು. ಇಲ್ಲಿ ಮುಖ್ಯವಾಗಿ ಗಮನಿಸುವುದು ಆ ಪಠ್ಯವನ್ನು.

ಬಾಸೆಲ್ ಮಿಷನ್ನಿನವರಿಗೆ ಎರ್ಗೊನ್ ಪುಸ್ತಕದ ಪ್ರಶ್ನೆಯಷ್ಟೇ ಆಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮತಾಂತರವಾಗಿ ಮನೆ, ಜಾತಿ, ಕಸುಬು ಕಳೆದುಕೊಂಡವರಿಗೆ ಕೆಲಸ ಕೊಡಬೇಕಾಗಿ ಬಂದು ಅವರು ನೇಯ್ಗೆಯನ್ನು ಆರಂಭಿಸಿದರು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಕ್ರಿಯೆಯಿಂದ ಯಾರೂ ಉದ್ಧಾರವಾಗರು ಎಂದು ಭಾನುವಾರ ಬೋಧಿಸಿದ ಸಭೆಯೇ ಸೋಮವಾರದಿಂದ ಶನಿವಾರದವರೆಗೆ ದುಡಿಮೆಯ ಶಿಸ್ತನ್ನು ಕಲಿಸಿತು. ಕರಾವಳಿಯ ಮನೆಗಳ ಮೇಲೆ ಆ ಹೆಂಚು ಇಂದಿಗೂ ಇದೆ.

ಅನುವಾದಕರ ಮುಂದಿದ್ದ ಕನ್ನಡ ಮಾತುಗಳಲ್ಲಿ ‘ಕೆಲಸ’ ಎಲ್ಲಕ್ಕಿಂತ ಸಾದಾ. ಯೋಹಾನನ ಸುವಾರ್ತೆಯಲ್ಲಿ ತಂದೆ ಒಪ್ಪಿಸಿದ ಎರ್ಗೊನ್ ಏಕವಚನದಲ್ಲಿ ಬಂದಾಗ ಸತ್ಯವೇದ ಇದನ್ನೇ ಬಳಸುತ್ತದೆ. ಎರ್ಗೊನ್ ಎಂಬುದರ ಬಿಸಿ, ಬೆವರು ಕನ್ನಡಕ್ಕೆ ಅತ್ಯಂತ ನಿಜವಾಗಿ ಇಳಿದಿರುವುದು ಅಲ್ಲಿಯೇ. ಗದ್ದೆಯ ಕೆಲಸ, ಮನೆಗೆಲಸ, ಕೆಟ್ಟ ಕೆಲಸ, ದೇವರ ಕೆಲಸ ಎಲ್ಲಕ್ಕೂ ಕನ್ನಡಿಗ ಈ ಒಂದೇ ಮಾತನ್ನು ಸಲೀಸಾಗಿ ಬಳಸುತ್ತಾನೆ. ಗ್ರೀಕ್ ಪದದ ಹರವಿಗೆ ಇದರಷ್ಟು ಹತ್ತಿರದ್ದು ಕನ್ನಡದಲ್ಲಿ ಬೇರೊಂದಿಲ್ಲ. ಆದರೂ ಮತತತ್ತ್ವದ ಪ್ರಶ್ನೆ ಎದುರಾದ ಕಡೆ ಅನುವಾದಕರು ಕೆಲಸವನ್ನು ಬಿಟ್ಟು ಸಂಸ್ಕೃತದ ‘ಕೃ’ ಧಾತುವಿನ ಮಕ್ಕಳತ್ತ ತಿರುಗಿದರು. ಧರ್ಮದ ಮಾತು ಗಂಭೀರವಾಗಿರಬೇಕು, ಗಂಭೀರವೆಂದರೆ ಸಂಸ್ಕೃತ ಎಂಬ ಆ ಕಾಲದ ಅಭಿರುಚಿ ಇದಕ್ಕೆ ಕಾರಣವಿರಬೇಕು.

ಆ ಮಕ್ಕಳಲ್ಲಿ ಹೆಚ್ಚು ಬಳಕೆಯಾದದ್ದು ‘ಕ್ರಿಯೆ’. ಮತ್ತಾಯನ ಒಳ್ಳೆಯ ಎರ್ಗ, ಯೋಹಾನನ ಅದ್ಭುತಗಳು, ಯಾಕೋಬನ ಪತ್ರಿಕೆಯ ಎರ್ಗ ಇವೆಲ್ಲ ಕ್ರಿಯೆಗಳಾದವು. ತಮಿಳಿನ ಹಳೆಯ ಬೈಬಲಿನಲ್ಲಿ ‘ಕಿರಿಯೈ’, ತೆಲುಗಿನಲ್ಲಿ ‘ಕ್ರಿಯಲು’ ಇರುವುದರಿಂದ ದಕ್ಷಿಣದ ಪ್ರೊಟೆಸ್ಟೆಂಟ್ ಅನುವಾದಗಳ ನಡುವೆ ಇದು ಹಂಚಿಕೊಂಡ ಮಾತಾಯಿತು. ಆದರೆ ಕನ್ನಡದ ಕಿವಿಗೆ ಕ್ರಿಯೆಯಲ್ಲಿ ಬೇರೆ ದನಿಗಳೂ ಇವೆ. ಶೈವರಿಗೆ ಚರ್ಯೆ, ಕ್ರಿಯೆ, ಯೋಗ, ಜ್ಞಾನ ಎಂಬ ನಾಲ್ಕರಲ್ಲಿ ಅದೊಂದು; ಅಲ್ಲಿ ಅದರ ಅರ್ಥ ಪೂಜಾವಿಧಿ. ಸಾವಿನ ಮನೆಯಲ್ಲಿ ಅದು ಉತ್ತರಕ್ರಿಯೆ. ಶಾಲೆಯ ಮಗುವಿಗೆ ವ್ಯಾಕರಣದ ಕ್ರಿಯಾಪದ. ಹಸಿದವನಿಗೆ ಊಟ ಕೊಡುವುದು, ಬಟ್ಟೆಯಿಲ್ಲದವನಿಗೆ ಬಟ್ಟೆ ಕೊಡುವುದು ಯಾಕೋಬ ಕೊಡುವ ಉದಾಹರಣೆಗಳು. ಅಷ್ಟು ಸರಳವಾದ ವಿಷಯ ಕ್ರಿಯೆ ಎಂದಾಗ ಸ್ವಲ್ಪ ದೂರ ಸರಿಯುತ್ತದೆ.

‘ಕೃತ್ಯ’ದ ಕಥೆ ಇನ್ನೂ ಕುತೂಹಲದ್ದು. ಪ್ರಾಕ್ಸೆಯ್ಸ್ ಎಂಬ ತಲೆಬರಹ ಸತ್ಯವೇದದಲ್ಲಿ ‘ಅಪೊಸ್ತಲರ ಕೃತ್ಯಗಳು’ ಆಯಿತು. ಪ್ರಕಟನೆಯ ಗ್ರಂಥದಲ್ಲಿ ಏಳು ಸಭೆಗಳಿಗೆ ಬರೆದ ಪತ್ರಗಳ ಎರ್ಗ ಕೂಡ ಕೃತ್ಯಗಳೇ. ಸಂಸ್ಕೃತದಲ್ಲಿ ಕೃತ್ಯ ಎಂದರೆ ಮಾಡತಕ್ಕದ್ದು, ಕರ್ತವ್ಯ. ಅದರಲ್ಲಿ ಕೊಂಕೇನೂ ಇಲ್ಲ. ಆದರೆ ಸುದ್ದಿಪತ್ರಿಕೆಗಳ ಕನ್ನಡ ಅದನ್ನು ಬೇರೆಡೆಗೆ ಎಳೆದೊಯ್ದಿದೆ. ಇಂದು ಕೃತ್ಯ ‘ಎಸಗುವುದು’ ಕಳ್ಳರು, ಕೊಲೆಗಾರರು. ದುಷ್ಕೃತ್ಯ, ಹೇಯ ಕೃತ್ಯ, ಕೃತ್ಯ ನಡೆದ ಸ್ಥಳ ಇವು ನಿತ್ಯದ ಸುದ್ದಿಯ ಮಾತುಗಳು. ಪೇತ್ರ, ಪೌಲರ ಕೃತ್ಯಗಳೆಂದರೆ ಚರ್ಚಿನ ಹೊರಗಿನ ಓದುಗನಿಗೆ ಅನುಮಾನ ಬಂದರೆ ತಪ್ಪು ಅವನದಲ್ಲ. ಕಥೋಲಿಕರು ಬಳಸುವ ‘ಪ್ರೇಷಿತರ ಕಾರ್ಯಕಲಾಪಗಳು’ ಈ ತೊಡಕಿನಿಂದ ಪಾರಾಗಿದೆ. ಆದರೆ ಕಾರ್ಯಕಲಾಪದಲ್ಲಿ ಸಂಘಸಂಸ್ಥೆಗಳ ವಾರ್ಷಿಕ ವರದಿಯ, ವಿಧಾನಸಭೆಯ ಕಲಾಪದ ವಾಸನೆಯಿದೆ. ಬಿರುಗಾಳಿಗೆ ಸಿಕ್ಕಿ ಹಡಗು ಒಡೆದು ದಡ ಸೇರಿದವರ, ಸೆರೆಮನೆಯಲ್ಲಿ ಮಧ್ಯರಾತ್ರಿ ಹಾಡಿದವರ ಕಥೆಗೆ ಅದು ತೀರ ತಣ್ಣಗಿನ ಹೆಸರು.

‘ಕರ್ಮ’ವನ್ನು ಅನುವಾದಕರು ಬಳಸಿದ ಜಾಗಗಳನ್ನು ಹುಡುಕಿ ನೋಡಬೇಕು. ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಜಾರತ್ವ, ಹಗೆತನ, ಹೊಟ್ಟೆಕಿಚ್ಚುಗಳ ಪಟ್ಟಿ ಬರುವಲ್ಲಿ ಎರ್ಗ ‘ಶರೀರಭಾವದ ಕರ್ಮಗಳು’ ಆಗುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ ಸತ್ತ ಎರ್ಗ ‘ನಿರ್ಜೀವ ಕರ್ಮ’ವಾಗುತ್ತದೆ. ಮತ್ತಾಯನ ಒಳ್ಳೆಯ ಎರ್ಗ ಕರ್ಮವಾಗಲಿಲ್ಲ, ಯೋಹಾನನ ದೇವರ ಎರ್ಗವೂ ಆಗಲಿಲ್ಲ. ಗ್ರೀಕಿನಲ್ಲಿ ಎಲ್ಲಕ್ಕೂ ಒಂದೇ ಮಾತು. ಕನ್ನಡದಲ್ಲಿ ಕರ್ಮ ಕತ್ತಲೆಯ ಪಾಲಿಗೆ ಹೋಯಿತು.

ಇದು ಆಕಸ್ಮಿಕವೆಂದು ನಂಬುವುದು ಕಷ್ಟ. ಕರ್ಮ ಎಂಬ ಮಾತಿಗೆ ಈ ನಾಡಿನಲ್ಲಿ ಎಷ್ಟು ತೂಕವಿತ್ತೆಂಬುದಕ್ಕೆ ಚಾರ್ಮಾಡಿಯಿಂದ ಪಶ್ಚಿಮಕ್ಕಿರುವ ಮೂಡುಬಿದಿರೆಯೇ ಸಾಕ್ಷಿ. ಅಲ್ಲಿನ ಗುರುಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ತಾಳೆಗರಿಯ ಷಟ್ಖಂಡಾಗಮ ಮತ್ತು ಅದರ ಧವಲಾ ಟೀಕೆಯ ಮುಖ್ಯ ವಿಷಯವೇ ಕರ್ಮಸಿದ್ಧಾಂತ. ಜೈನರ ಪ್ರಕಾರ ಕರ್ಮ ಬರಿಯ ಕ್ರಿಯೆಯಲ್ಲ. ಜೀವಕ್ಕೆ ಬಂದು ಅಂಟುವ ಸೂಕ್ಷ್ಮ ದ್ರವ್ಯ. ಅದು ಒಳಗೆ ಹರಿಯುವುದು, ಕಟ್ಟುಬೀಳುವುದು, ತಪಸ್ಸಿನಿಂದ ಉದುರುವುದು ಎಲ್ಲಕ್ಕೂ ಅಲ್ಲಿ ವಿವರವಾದ ಲೆಕ್ಕವಿದೆ. ವೈದಿಕರಿಗೆ ಕರ್ಮ ಯಜ್ಞ, ಸಂಧ್ಯಾವಂದನೆ, ಶ್ರಾದ್ಧ. ಸಾಮಾನ್ಯರ ಬಾಯಲ್ಲಿ ಅದು ಹಣೆಬರಹ. ತೋಟಕ್ಕೆ ಕೊಳೆರೋಗ ಬಂದರೂ ‘ಎಲ್ಲ ನನ್ನ ಕರ್ಮ’ ಎನ್ನುತ್ತಾರೆ. ಎರ್ಗೊನ್‌ಗೆ ಕರ್ಮವನ್ನು ಹಾಕಿದ್ದರೆ ಜನ್ಮಾಂತರದ ಇಡೀ ಚೌಕಟ್ಟೇ ಅದರ ಬೆನ್ನಿಗೆ ಬರುತ್ತಿತ್ತು. ಮಿಷನರಿಗಳು ಅದಕ್ಕೆ ಹೆದರಿದ್ದು ಅರ್ಥವಾಗುವಂಥದು. ಆದರೆ ಮಾತನ್ನು ಪೂರ್ತಿ ಬಿಟ್ಟುಬಿಡುವುದು ಬೇರೆ, ಕೆಟ್ಟದ್ದಕ್ಕಷ್ಟೇ ಮೀಸಲಿಡುವುದು ಬೇರೆ. ಎರಡನೆಯದನ್ನು ಮಾಡಿದಾಗ ಅನುವಾದದೊಳಗೆ ನೆರೆಯವರ ಧರ್ಮದ ಬಗ್ಗೆ ಒಂದು ತೀರ್ಪು ಸೇರಿಕೊಳ್ಳುತ್ತದೆ, ಮೂಲ ಲೇಖಕ ಅಂಥ ತೀರ್ಪನ್ನು ಕೊಟ್ಟಿರುವುದಿಲ್ಲ. ವಚನಕಾರರ ‘ಕಾಯಕ’ವೂ ಅನುವಾದಕರ ಕೈಗೆ ಎಟಕುವಷ್ಟು ದೂರದಲ್ಲಿತ್ತು. ದೈಹಿಕ ದುಡಿಮೆ ಮತ್ತು ದೈವಭಕ್ತಿ ಎರಡನ್ನೂ ಒಟ್ಟಿಗೆ ಹಿಡಿದ ಆ ಮಾತು ಎರ್ಗೊನ್‌ಗೆ ಬಹಳ ಹತ್ತಿರ. ಇನ್ನೊಂದು ಪಂಥದ ಮುದ್ರೆ ಅದರ ಮೇಲೆ ಗಾಢವಾಗಿ ಬಿದ್ದಿದ್ದರಿಂದ ಅದು ಒಳಗೆ ಬರಲಿಲ್ಲ.

ಇನ್ನು ಪೌಲ ಮತ್ತು ಯಾಕೋಬರ ಪ್ರಶ್ನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ, ಗಲಾತ್ಯದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಪೌಲನು ಹೇಳುವುದು: ಮನುಷ್ಯ ನೀತಿವಂತನೆನಿಸಿಕೊಳ್ಳುವುದು ನಂಬಿಕೆಯಿಂದ, ‘ಎರ್ಗ ನೋಮೂ’ದಿಂದ ಅಲ್ಲ. ‘ನೋಮೊಸ್’ ಎಂದರೆ ಮೋಶೆಯ ಧರ್ಮಶಾಸ್ತ್ರ. ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯ ಹೇಳುವುದು: ನೀತಿವಂತನೆನಿಸಿಕೊಳ್ಳುವುದು ‘ಎರ್ಗ’ದಿಂದ, ನಂಬಿಕೆಯೊಂದರಿಂದಲೇ ಅಲ್ಲ. ಇಬ್ಬರೂ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನೇ. ಲೂಥರ್ 1522ರ ತನ್ನ ಜರ್ಮನ್ ಅನುವಾದದಲ್ಲಿ ಪೌಲನ ವಾಕ್ಯಕ್ಕೆ ಮೂಲದಲ್ಲಿಲ್ಲದ ‘ಮಾತ್ರ’ ಎಂಬುದನ್ನು ಸೇರಿಸಿದ. ಅದೇ ವರ್ಷದ ಮುನ್ನುಡಿಯಲ್ಲಿ ಯಾಕೋಬನ ಪತ್ರಿಕೆಯನ್ನು ಒಣಹುಲ್ಲಿಗೆ ಹೋಲಿಸಿದ. 1547ರಲ್ಲಿ ಟ್ರೆಂಟ್ ಮಹಾಸಭೆ ಕಥೋಲಿಕರ ಉತ್ತರವನ್ನು ವಿಧ್ಯುಕ್ತವಾಗಿ ಕೊಟ್ಟಿತು. ನಡುವೆ ಎಷ್ಟೋ ರಕ್ತ ಹರಿದ ಮೇಲೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ಕಥೋಲಿಕ ಸಭೆ ಈ ವಿಷಯದಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದವು.

ಕನ್ನಡ ಸತ್ಯವೇದವನ್ನು ಓದುವವನಿಗೆ ಈ ಜಗಳದ ಬಿಸಿ ಅಷ್ಟಾಗಿ ತಟ್ಟುವುದಿಲ್ಲ, ಏಕೆಂದರೆ ಪೌಲನ ‘ಎರ್ಗ ನೋಮೂ’ ಕನ್ನಡದಲ್ಲಿ ‘ನೇಮನಿಷ್ಠೆಗಳು’ ಆಗಿದೆ. ಯಾಕೋಬನದು ‘ಕ್ರಿಯೆಗಳು’. ನೇಮನಿಷ್ಠೆಯಿಂದ ಉದ್ಧಾರವಿಲ್ಲ ಎಂದು ಒಬ್ಬ ಹೇಳಿದರೆ, ಕ್ರಿಯೆಯಿಲ್ಲದ ನಂಬಿಕೆಗೆ ಜೀವವಿಲ್ಲ ಎಂದು ಇನ್ನೊಬ್ಬ ಹೇಳುತ್ತಾನೆ. ಎರಡರಲ್ಲಿ ವಿರೋಧವೇ ಕಾಣದು. ಎಫೆಸದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಬರಿಯ ‘ಎರ್ಗ’ ಎಂದಿರುವಲ್ಲಿಯೂ ಕನ್ನಡ ‘ಪುಣ್ಯಕ್ರಿಯೆ’ ಎನ್ನುತ್ತದೆ. ಪುಣ್ಯ ಸಂಪಾದನೆಗಾಗಿ ಮಾಡುವುದು ಎಂಬ ವಿವರಣೆ ಅನುವಾದದೊಳಗೇ ಬಂದುಬಿಟ್ಟಿದೆ. ಇಂಗ್ಲಿಷ್, ಜರ್ಮನ್ ಓದುಗರು ಶತಮಾನಗಳ ಕಾಲ ತಲೆ ಕೆಡಿಸಿಕೊಂಡ ಗಂಟನ್ನು ಕನ್ನಡದ ಅನುವಾದಕರು ಪದ ಬದಲಿಸಿ ಬಿಚ್ಚಿಬಿಟ್ಟರು.

ಬಿಚ್ಚಿದ್ದು ಸರಿಯೇ? ಇತ್ತೀಚಿನ ಸಂಶೋಧನೆ ಬಹುಮಟ್ಟಿಗೆ ಅವರ ಪರವಾಗಿದೆ. 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಪೌಲನ ಕಾಲದ ಯೆಹೂದ್ಯ ಧರ್ಮದ ಬಗ್ಗೆ ಬರೆದ ಗ್ರಂಥ, 1983ರಲ್ಲಿ ಜೇಮ್ಸ್ ಡನ್ ಪ್ರಕಟಿಸಿದ ಲೇಖನ ಈ ಚರ್ಚೆಯ ದಿಕ್ಕನ್ನು ತಿರುಗಿಸಿದವು. ಡನ್ ಅವರ ವಾದದಂತೆ ‘ಎರ್ಗ ನೋಮೂ’ ಎಂದು ಪೌಲನು ಹೇಳುವಾಗ ಅವನ ಕಣ್ಣ ಮುಂದಿರುವುದು ಮುಖ್ಯವಾಗಿ ಸುನ್ನತಿ, ಸಬ್ಬತ್ ದಿನ, ಊಟದ ಮಡಿಮೈಲಿಗೆ, ಅಂದರೆ ಯೆಹೂದ್ಯರನ್ನು ಇತರರಿಂದ ಬೇರೆ ಮಾಡುವ ಆಚರಣೆಗಳು. ಮೃತಸಮುದ್ರದ ಬಳಿಯ ಕುಮ್ರಾನಿನಲ್ಲಿ ಸಿಕ್ಕು 1994ರಲ್ಲಿ ಅಧಿಕೃತವಾಗಿ ಪ್ರಕಟವಾದ ಹೀಬ್ರೂ ಬರಹವೊಂದರಲ್ಲಿ ‘ಮಅಸೆ ಹಾ-ತೋರಾ’ ಎಂಬ ಮಾತಿದೆ. ಪೌಲನ ಗ್ರೀಕ್ ನುಡಿಗಟ್ಟಿಗೆ ಇದು ಅಕ್ಷರಶಃ ಜೋಡಿ. ಆ ಬರಹದ ಚರ್ಚೆಯೂ ಶುದ್ಧಾಶುದ್ಧಗಳ, ಆಚರಣೆಯ ನಿಯಮಗಳ ಬಗ್ಗೆಯೇ. ‘ನೇಮನಿಷ್ಠೆ’ ಎಂದು ಬರೆದ ಕನ್ನಡದ ಪಂಡಿತರು ಈ ಶೋಧಗಳಿಗಿಂತ ಎಷ್ಟೋ ಮುಂಚೆ ಆ ಅರ್ಥಕ್ಕೆ ಬಂದಿದ್ದರು. ಮಡಿ, ವ್ರತ, ಉಪವಾಸಗಳ ನಡುವೆ ಬದುಕಿದವರಿಗೆ ಪೌಲನ ಮಾತು ಯಾವುದರ ಬಗ್ಗೆ ಎಂದು ತಟ್ಟನೆ ಹೊಳೆದಿರಬೇಕು.

ಆದರೂ ಇದರಲ್ಲಿ ನಷ್ಟವಿದೆ. ಬಂಟ್ವಾಳ, ಬೆಳ್ತಂಗಡಿ ಕಡೆಯ ಓದುಗನಿಗೆ ‘ನೇಮ’ ಎಂದರೆ ಮೊದಲು ನೆನಪಾಗುವುದು ದೈವದ ನೇಮ. ಗಗ್ಗರದ ಸದ್ದು, ತೆಂಗಿನ ಎಳೆಗರಿಯ ಸಿರಿ, ನಡುರಾತ್ರಿಯ ನುಡಿ. ಪೌಲನ ಸುನ್ನತಿಯ ವಾದ ಅವನ ಕಿವಿಯಲ್ಲಿ ಭೂತಾರಾಧನೆಯ ಖಂಡನೆಯಾಗಿ ಕೇಳಿಸಬಹುದು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು: ಪೌಲನೂ ಯಾಕೋಬನೂ ಒಂದೇ ಮಾತಿನ ಮೇಲೆ ಹೋರಾಡುತ್ತಿದ್ದಾರೆ ಎಂಬ ಸತ್ಯವೇ ಮರೆಯಾಗುತ್ತದೆ. ಯಾಕೋಬನು ಆ ಭಾಗದಲ್ಲಿ ಎರ್ಗ ಎಂಬುದನ್ನು 12 ಸಲ ಹೇಳುತ್ತಾನೆ. ಅದರೊಡನೆ ಆಡುತ್ತಾನೆ ಕೂಡ. ಅಬ್ರಹಾಮನ ನಂಬಿಕೆ ಅವನ ‘ಎರ್ಗ’ದ ಜೊತೆ ‘ಸುನೆರ್ಗೆ’, ಅಂದರೆ ಕೂಡಿ ಕೆಲಸ ಮಾಡಿತು. ‘ಎರ್ಗ’ ಇಲ್ಲದ ನಂಬಿಕೆ ‘ಆರ್ಗೆ’, ಕೆಲಸಗೇಡಿ. ಈ ಕೊನೆಯ ಮಾತಿರುವ 20ನೆಯ ವಚನದಲ್ಲಿ ಹಲವು ಹಸ್ತಪ್ರತಿಗಳು ‘ಆರ್ಗೆ’ ಬದಲು ‘ಸತ್ತದ್ದು’ ಎನ್ನುತ್ತವೆ. ಹಿಂದುಮುಂದಿನ ವಚನಗಳಲ್ಲಿ ‘ಸತ್ತದ್ದು’ ಇರುವುದರಿಂದ ನಕಲುಗಾರರ ಕೈ ಅಲ್ಲಿಗೂ ಅದನ್ನೇ ಎಳೆದಿರುವ ಸಂಭವ ಹೆಚ್ಚು. ಪೌಲನೂ ಎರ್ಗದ ಶತ್ರುವಲ್ಲ. ಅವನ ಪತ್ರಗಳಲ್ಲಿ ಅತಿ ಹಳೆಯದೆಂದು ಹಲವರು ಎಣಿಸುವ ಥೆಸಲೋನಿಕದ ಮೊದಲ ಪತ್ರಿಕೆಯ ಆರಂಭದಲ್ಲೇ ‘ನಂಬಿಕೆಯ ಎರ್ಗೊನ್’ ಎಂಬ ಮಾತಿದೆ. ಗಲಾತ್ಯದ 5ನೆಯ ಅಧ್ಯಾಯದಲ್ಲಿ ಅವನು ಹೊಗಳುವ ನಂಬಿಕೆ ಪ್ರೀತಿಯ ಮೂಲಕ ‘ಎನೆರ್ಗೂಮೆನೆ’, ಅಂದರೆ ಒಳಗೆ ಎರ್ಗೊನ್ ಇಟ್ಟುಕೊಂಡು ದುಡಿಯುವ ನಂಬಿಕೆ. ಇಬ್ಬರೂ ಎಲ್ಲಿ ಕೂಡುತ್ತಾರೆಂಬುದು ಕಾಣಬೇಕಾದರೆ ಮಾತು ಒಂದೇ ಎಂಬುದು ಗೊತ್ತಿರಬೇಕು.

ಚಾರ್ಮಾಡಿಯ ಸುತ್ತಿನ ಊರುಗಳಲ್ಲಿ ಈ ಮಾತು ಒಂದೇ ಭಾನುವಾರ ಹಲವು ರೂಪಗಳಲ್ಲಿ ಕೇಳುತ್ತದೆ. ಮಲಯಾಳಂ ಬೈಬಲಿನಲ್ಲಿ ಎರ್ಗೊನ್‌ಗೂ ಪ್ರಾಕ್ಸಿಸ್‌ಗೂ ‘ಪ್ರವೃತ್ತಿ’. ಅದೇ ಪ್ರವೃತ್ತಿ ಕನ್ನಡದಲ್ಲಿ ಮನಸ್ಸಿನ ಒಲವು, ಸ್ವಭಾವ. ‘ಪ್ರವೃತ್ತಿಯಿಲ್ಲದ ವಿಶ್ವಾಸ’ ಎಂದರೆ ಕನ್ನಡ ಶಾಲೆಯಲ್ಲಿ ಓದಿದ ಮಲಯಾಳಿ ಮನೆಯ ಮಗುವಿಗೆ ಗೊಂದಲವಾಗುತ್ತದೆ. ಕೊಂಕಣಿ ಕಥೋಲಿಕರ ಮನೆಮಾತಿನಲ್ಲಿ ದುಡಿಮೆ ‘ಕಾಮ್’, ನಡತೆ ‘ಕರ್ನಿ’. ತುಳುವರಿಗೆ ‘ಬೇಲೆ’, ಕನ್ನಡದ ಕೆಲಸದಂತೆ ಅದೂ ಗದ್ದೆಯಿಂದ ಹಿಡಿದು ದೇವಸ್ಥಾನದವರೆಗೆ ಎಲ್ಲಕ್ಕೂ ಸಲ್ಲುತ್ತದೆ. ಪ್ರೊಟೆಸ್ಟೆಂಟರ ‘ನಂಬಿಕೆ’ ಕಥೋಲಿಕರ ಕನ್ನಡದಲ್ಲಿ ‘ವಿಶ್ವಾಸ’ವಾದ್ದರಿಂದ, ನಂಬಿಕೆ–ಕ್ರಿಯೆಗಳ ಜೋಡಿಯ ಎರಡು ತುದಿಗಳೂ ಸಭೆಯಿಂದ ಸಭೆಗೆ ಬದಲಾಗುತ್ತವೆ.

ಭಾಷಾಂತರದಲ್ಲಿ ಒಂದು ಮಾತಿಗೆ ಒಂದೇ ಮಾತು ಎಂಬ ಹಟ ಎಲ್ಲಿಯೂ ನಡೆಯದು. ಎರ್ಗೊನ್ ಬಂದಲ್ಲೆಲ್ಲ ಕೆಲಸ ಎಂದರೆ ಎಷ್ಟೋ ವಾಕ್ಯಗಳು ಕನ್ನಡವಾಗುವುದಿಲ್ಲ. ಆದರೆ ಯಾಕೋಬನ 2ನೆಯ ಅಧ್ಯಾಯವನ್ನು ಸಲೀಸಾದ ಕನ್ನಡದಲ್ಲಿ ‘ಕೆಲಸ’ ಎಂಬ ಮಾತಿನಿಂದಲೇ ಹೇಳಬಹುದು. ಕೆಲಸಕ್ಕೆ ಬಾರದ ನಂಬಿಕೆ ಎಂದಾಗ ಮೂಲದ ಶ್ಲೇಷೆಯೂ ತಾನಾಗಿ ಬರುತ್ತದೆ. ಮುಂದಿನ ಪರಿಷ್ಕಾರಕ್ಕೆ ಕೂರುವವರು ಅದನ್ನು ಪರಿಗಣಿಸಲಿ, ‘ನೇಮನಿಷ್ಠೆ’ಯನ್ನು ಉಳಿಸಿಕೊಂಡರೂ ಅದರ ಕೆಳಗೆ ಮೂಲಪದ ಯಾಕೋಬನದೇ ಎಂದು ಒಂದು ಸಾಲಿನ ಅಡಿಟಿಪ್ಪಣಿ ಕೊಡಲಿ. ಮನೆಯಲ್ಲಿ ಸತ್ಯವೇದವಿರುವವರು ಅದಕ್ಕಾಗಿ ಕಾಯಬೇಕಿಲ್ಲ. ರೋಮಾಪುರದ ಪತ್ರಿಕೆಯ 3ನೆಯ ಅಧ್ಯಾಯವನ್ನೂ ಯಾಕೋಬನ 2ನೆಯದನ್ನೂ ಅಕ್ಕಪಕ್ಕ ಇಟ್ಟುಕೊಂಡು, ನೇಮನಿಷ್ಠೆ, ಕ್ರಿಯೆ ಎಂದಿರುವ ಎರಡೂ ಕಡೆ ಪೆನ್ಸಿಲಿನಲ್ಲಿ ‘ಎರ್ಗ’ ಎಂದು ಬರೆದು ಓದಿ ನೋಡಲಿ.